10 ವರ್ಷದ ವೀಸಾ, ಆರು ತಿಂಗಳ ವಾಸ

ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಎಷ್ಟೋ ಮನೆಗಳಲ್ಲಿ ಮಕ್ಕಳು ವಿದೇಶದಲ್ಲಿ, ಅಪ್ಪ-ಅಮ್ಮ ತೆಂಗಿನ ತೋಟದಲ್ಲಿ. ರಿಟೈರ್ ಆದ ಮೇಲೆ ಮಕ್ಕಳು ಕರೀತಾರೆ, "ಇಲ್ಲೇ ಬಂದು ಇದ್ದುಬಿಡಿ" ಅಂತ. ಸರಿ, ಆದರೆ ಯಾವ ವೀಸಾದಲ್ಲಿ?

ಅಮೆರಿಕದ ಬಿ-2 ವೀಸಾ 10 ವರ್ಷದ್ದು ಅಂದಮಾತ್ರಕ್ಕೆ 10 ವರ್ಷ ಇರಬಹುದು ಅಂತಲ್ಲ. ಒಂದು ಸಲಕ್ಕೆ ಸಿಗೋದು ಸಾಮಾನ್ಯವಾಗಿ 6 ತಿಂಗಳು. ಲೆಕ್ಕಕ್ಕೆ ಬರೋದು ಐ-94 ದಾಖಲೆಯ ತಾರೀಖು. ವಿಸ್ತರಣೆಗೆ ಅರ್ಜಿ ಹಾಕದೆ ಅದನ್ನು ದಾಟಿದರೆ ವೀಸಾನೇ ರದ್ದು.

ಕೆನಡಾದ ಸೂಪರ್ ವೀಸಾದಲ್ಲಿ ಒಮ್ಮೆಗೆ 5 ವರ್ಷ ಇರಬಹುದು. ಆದರೆ ಆರೋಗ್ಯ ವಿಮೆ ಕಡ್ಡಾಯ, ಮಕ್ಕಳ ಆದಾಯವೂ ಸಾಲಬೇಕು.

21 ತುಂಬಿದ ಮಗನೋ ಮಗಳೋ ಅಮೆರಿಕದ ಪ್ರಜೆಯಾಗಿದ್ದರೆ ನಿಮಗೆ ಗ್ರೀನ್ ಕಾರ್ಡ್ ಕೇಳಬಹುದು. ಆದರೆ ಅದು ಅಲ್ಲಿ ನೆಲೆಸೋರಿಗೆ. ಮುಂಗಡ ಅನುಮತಿ ಇಲ್ಲದೆ ಊರಲ್ಲಿ ವರ್ಷ ದಾಟಿ ಉಳಿದರೆ ಕಾರ್ಡಿಗೇ ಕುತ್ತು.

ಹಾಗಾಗಿ ಅರ್ಜಿ ತುಂಬೋ ಮುಂಚೆ ಗಂಡ-ಹೆಂಡತಿ ಕೂತು ಮಾತಾಡಿ: ಹೋಗ್ತಿರೋದು ಮೊಮ್ಮಕ್ಕಳನ್ನು ನೋಡೋಕಾ, ನೆಲೆಸೋಕಾ? ತೋಟ ನೋಡಿಕೊಳ್ಳಬೇಕು, ಗುಬ್ಬಿ ಚನ್ನಬಸವೇಶ್ವರನ ಜಾತ್ರೆಗೆ ಬರಬೇಕು ಅನ್ನೋರಿಗೆ ಆರು ತಿಂಗಳೇ ಧಾರಾಳ. ಕಾರ್ಡಿನ ಆಸೆಗೆ ಊರು ಬಿಡಬೇಡಿ.