ನವೆಂಬರ್ 15ರ ಬೆಳಗ್ಗೆ



ನವೆಂಬರ್ 14 ಬಂತು ಅಂದ್ರೆ ಬಾಲಮಂದಿರಗಳಲ್ಲಿ ಸಡಗರ. ಮಕ್ಕಳಿಗೆ ಹೊಸ ಬಟ್ಟೆ, ಒಂದು ಹಾಡು, ಒಂದು ಡ್ಯಾನ್ಸು. ಅತಿಥಿಗಳು ಬರ್ತಾರೆ, ಲಾಡು ಹಂಚ್ತಾರೆ, ಫೋಟೋ ತೆಗೆಸ್ಕೊಂಡು ಹೋಗ್ತಾರೆ. 15ರ ಬೆಳಗ್ಗೆ ಆ ಮಕ್ಕಳು ಏನು ಮಾಡ್ತಿದ್ದಾರೆ? ಯಾರೂ ಕೇಳಲ್ಲ.

ನಾನೂ ಕೇಳಿರಲಿಲ್ಲ. ವರದಿಗಾರನಾಗಿದ್ದಾಗ ಇಂಥದ್ದೇ ಒಂದು ಕಾರ್ಯಕ್ರಮಕ್ಕೆ ಹೋಗಿದ್ದೆ. ಕುಣಿದು ಬಂದ ಹುಡುಗನ ಮುಂದೆ ಮೈಕ್ ಹಿಡಿದು, ‘ಅಪ್ಪ ಅಮ್ಮ ನೆನಪಾಗ್ತಾರಾ ಪುಟ್ಟಾ?’ ಅಂದುಬಿಟ್ಟೆ. ಅಷ್ಟು ಹೊತ್ತು ನಗುತ್ತಿದ್ದವನು ತಲೆ ತಗ್ಗಿಸಿದ. ಮತ್ತೆ ಮಾತಾಡಲೇ ಇಲ್ಲ. ಇಂಥ ಮಕ್ಕಳ ಗುರುತು ಬಯಲು ಮಾಡಬಾರದು ಅನ್ನುತ್ತೆ ಕಾನೂನು. ಹಾಗಾಗಿ ಆ ದೃಶ್ಯ ಪ್ರಸಾರ ಆಗಲಿಲ್ಲ. ಆದರೆ ನನ್ನ ಪ್ರಶ್ನೆ ಅವನನ್ನು ಚುಚ್ಚಿ ಆಗಿತ್ತು.

ಕೆಲವು ತಿಂಗಳ ನಂತರ ಅಲ್ಲಿಗೇ ಮತ್ತೆ ಹೋದೆ, ಕ್ಯಾಮೆರಾ ಇಲ್ಲದೆ. ವಾರಕ್ಕೊಮ್ಮೆ ಬರುವ ನಾಟಕದ ಮೇಷ್ಟ್ರು ಮಕ್ಕಳನ್ನು ದುಂಡಗೆ ಕೂರಿಸಿ ಮಳೆ ಬರಿಸ್ತಿದ್ರು. ಅಂಗೈ ಮೇಲೆ ಒಂದು ಬೆರಳಿನ ತಟ್ಟು, ಅದು ಹನಿ. ಎರಡು ಬೆರಳು, ನಾಲ್ಕು ಬೆರಳು, ಆಮೇಲೆ ಪೂರ್ತಿ ಚಪ್ಪಾಳೆ, ಜಡಿಮಳೆ! ಒಬ್ಬನಿಂದ ಈ ಮಳೆ ಬರಲ್ಲ, ಎಲ್ಲರೂ ಬೇಕು. ‘ಗುಡುಗು ಯಾವಾಗ ಬರಬೇಕೋ?’ ಅಂದ್ರು ಮೇಷ್ಟ್ರು. ನನ್ನ ಮುಂದೆ ಬಾಯಿ ಮುಚ್ಚಿದ್ದ ಅದೇ ಹುಡುಗ, ‘ಈಗಲೇ ಬೇಡ ಸಾರ್, ಆಮೇಲೆ’ ಅಂದ. ಎಲ್ಲರೂ ಅವನಿಗಾಗಿ ಕಾದರು.

ಅವನ ಗತಕಾಲವನ್ನು ಮೇಷ್ಟ್ರು ಕೆದಕಲಿಲ್ಲ. ಅವನ ಅಭಿಪ್ರಾಯ ಕೇಳಿದರು, ಅಷ್ಟೇ. ಮನೆ ಬಿಟ್ಟದ್ದು, ಎಲ್ಲಿರಬೇಕು ಅನ್ನೋದು, ಯಾವುದನ್ನೂ ತಾನು ತೀರ್ಮಾನಿಸದ ಮಗುವಿಗೆ ಅದು ಸಣ್ಣ ವಿಷಯ ಅಲ್ಲ.

ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಮನಶ್ಶಾಸ್ತ್ರಜ್ಞೆ ಎಮ್ಮಿ ವರ್ನರ್ ಮತ್ತು ಸಂಗಡಿಗರು ದಶಕಗಳ ಕಾಲ ಗಮನಿಸಿದರು. ಬಡತನ, ಮನೆಯ ಜಗಳ, ಕುಡಿತದ ನಡುವೆ ಬೆಳೆದವರಲ್ಲೂ ಸುಮಾರು ಮೂರನೇ ಒಂದು ಭಾಗ ಮಕ್ಕಳು ಗಟ್ಟಿಯಾಗಿ ನಿಂತರು. ಅವರಿಗೆ ಆಸರೆಯಾದದ್ದು ಕೈಬಿಡದ ಒಬ್ಬ ಹಿರಿಯ ಜೀವ, ತಾವು ಬೇಕಾದವರು ಅನ್ನಿಸುವ ಒಂದು ಗುಂಪು.

ವಾರಕ್ಕೊಮ್ಮೆ ತಪ್ಪದೆ ಬರುವ ಮೇಷ್ಟ್ರು, ದುಂಡಗೆ ಕೂತ ಗೆಳೆಯರು. ಇಲ್ಲಿ ಎರಡೂ ಇದೆಯಲ್ವಾ?

ಸಾಂಸ್ಕೃತಿಕ ಚಟುವಟಿಕೆ ಯಾರ ಭಿಕ್ಷೆಯೂ ಅಲ್ಲ. 2015ರ ಬಾಲನ್ಯಾಯ ಕಾಯ್ದೆಯ 53ನೇ ಕಲಂ, ಸಂಸ್ಥೆಗಳು ಕೊಡಬೇಕಾದ ಸೇವೆಗಳ ಪಟ್ಟಿಯಲ್ಲೇ ಅದನ್ನು ಸೇರಿಸಿದೆ. ಹೆಗ್ಗೋಡಿನ ನೀನಾಸಂನಿಂದ ಮೈಸೂರಿನ ರಂಗಾಯಣದವರೆಗೆ, ರಂಗಭೂಮಿ ಕಲಿತವರಿಗೆ ಈ ನಾಡಲ್ಲಿ ಬರವೂ ಇಲ್ಲ. ಬೇಕಾಗಿರೋದು ವಾರಕ್ಕೆ ಎರಡು ಗಂಟೆ, ವರ್ಷಪೂರ್ತಿ, ಅವರೇ ಮೇಷ್ಟ್ರು, ಮತ್ತು ಅವರಿಗೊಂದು ಗೌರವದ ಸಂಬಳ. ಎರಡು ದಿನದ ಶಿಬಿರ ಮಾಡಿ ಮಾಯವಾದ್ರೆ, ಬಿಟ್ಟುಹೋದವರ ಪಟ್ಟಿಗೆ ಇನ್ನೊಂದು ಹೆಸರು ಸೇರುತ್ತೆ, ಅಷ್ಟೇ.

18 ತುಂಬಿದ ಮೇಲೆ ಆ ಹುಡುಗ ಗೇಟು ದಾಟಲೇಬೇಕು. ಆಗ ಅವನ ಜೊತೆ ಹೋಗೋದು ಲಾಡು ಅಲ್ಲ ಸ್ವಾಮಿ. ‘ಈಗಲೇ ಬೇಡ ಸಾರ್, ಆಮೇಲೆ’ ಅನ್ನುವ ಆ ಧೈರ್ಯ.

ಈ ಸಲ ಬಾಲಮಂದಿರಕ್ಕೆ ಹೋಗೋ ಅತಿಥಿಗಳೇ, ನವೆಂಬರ್ 15ರಂದು ಹೋಗಿ. ನಮ್ಮನ್ನು ಕರೀಬೇಡಿ.