ಕಂಪ್ಲಿಯ ‘ಪ್ಲಿ’ ಒಡೆದದ್ದು ಎಲ್ಲಿ?

ಹೊಸಪೇಟೆಯಲ್ಲಿ ಒಂದು ಫ್ಲೆಕ್ಸ್ ನೋಡಿದೆ. ರ‍್ಯಾಂಕ್ ಬಂದ ಹುಡುಗಿಗೆ ಅಭಿನಂದನೆ, ಅವಳ ಊರು ಕಂಪ್ಲಿ. ಅಚ್ಚಾಗಿದ್ದು ಮಾತ್ರ ‘ಕಂಪ್‌ಲಿ’. ಫ್ಲೆಕ್ಸ್ ಮಾಡಿದ ಅಂಗಡಿಯವರ ಮೊಬೈಲಿಗೆ ಬಂದ ಮೆಸೇಜಿನಲ್ಲಿ ಊರಿನ ಹೆಸರು ಸರಿಯಾಗೇ ಇತ್ತು. ಡಿಸೈನ್ ಸಾಫ್ಟ್‌ವೇರಿಗೆ ಪೇಸ್ಟ್ ಮಾಡಿದ ಕೂಡಲೇ ಒಡೀತು. ಆ ಮನೆಯವರು ಅದರ ಮುಂದೆ ನಿಂತು ಫೋಟೊ ತೆಗೆಸ್ಕೊಳ್ತಿದ್ರು. ನನಗೆ ಬಹಳ ಸಂಕಟ ಆಯ್ತು.

ಅಂಗಡಿಯವರು ‘ಫಾಂಟ್ ಪ್ರಾಬ್ಲಂ’ ಅಂದ್ರು. ಬರೀ ಫಾಂಟಿನದ್ದಲ್ಲ. ಕಡತದೊಳಗೆ ಕಂಪ್ಲಿ ಅಂದ್ರೆ ಆರು ಸಂಕೇತ: ಕ, ಸೊನ್ನೆ, ಪ, ಹಲಂತ, ಲ, ಗುಡಿಸು. ಕೊನೆಗೆ ಬರೋ ಗುಡಿಸು ಹೋಗಿ ‘ಪ’ದ ಮೇಲೆ ಕೂರಬೇಕು, ‘ಲ’ ಕೆಳಗಿಳಿದು ಒತ್ತಾಗಬೇಕು. ಇದನ್ನ ಮಾಡೋದು ಶೇಪಿಂಗ್ ಎಂಜಿನ್. ಕ್ರೋಮ್‌ನಲ್ಲಿರೋ ಸ್ಕಿಯಾದಂಥ ಗ್ರಾಫಿಕ್ಸ್ ಲೈಬ್ರರಿ ಅದಾದ ಮೇಲೆ, ಕೊಟ್ಟ ಆಕಾರವನ್ನ ಹೇಳಿದ ಜಾಗದಲ್ಲಿ ಬಿಡಿಸುತ್ತೆ, ಅಷ್ಟೇ.

‘ಕನ್ನಡ ಲಿಪಿನೇ ಕಂಪ್ಯೂಟರಿಗೆ ಕಷ್ಟ’ ಅನ್ನೋರಿದ್ದಾರೆ. ನಾನು ಒಪ್ಪಲ್ಲ. 1991ರಲ್ಲಿ, ಅಕ್ಷರಗಳಿಗೆ ಸಂಕೇತ ಕೊಡೋ ಯೂನಿಕೋಡ್‌ನ ಮೊದಲ ಆವೃತ್ತಿ ಬಂದಾಗಲೇ ಕನ್ನಡ ಅದರಲ್ಲಿತ್ತು. ತೊಂದರೆ ಆಗಿದ್ದು ಒಂದೊಂದು ವ್ಯವಸ್ಥೆಯೂ ಒತ್ತಕ್ಷರವನ್ನ ತನ್ನದೇ ರೀತಿ ಜೋಡಿಸಿದ್ದರಿಂದ. ವಿಂಡೋಸ್‌ಗೆ ಯೂನಿಸ್ಕ್ರೈಬ್, ಮ್ಯಾಕ್‌ಗೆ ಕೋರ್‌ಟೆಕ್ಸ್ಟ್. ಲಿಬ್ರೆಆಫೀಸ್ ಅನ್ನೋ ಆಫೀಸ್ ಸಾಫ್ಟ್‌ವೇರ್ ಈ ಎರಡನ್ನೂ ನಂಬಿಕೊಂಡಿತ್ತು, ಲಿನಕ್ಸ್‌ಗೆ ಬೇರೆ ದಾರಿ. 2017ರ 5.3 ಆವೃತ್ತಿಯಲ್ಲಿ ಎಲ್ಲ ಕಡೆಗೂ ಒಂದೇ ಎಂಜಿನ್ ತಂದ್ರು, ಹಾರ್ಫ್‌ಬಝ್. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್‌ನಲ್ಲೂ ಇರೋದು ಅದೇ. ಅದನ್ನ ಕಟ್ಟಿದ ಬೆಹದಾದ್ ಎಸ್ಫಹ್ಬೋದ್ ಇರಾನಿನಲ್ಲಿ ಹುಟ್ಟಿದವರು. ಪಾರ್ಸಿಯೂ ಅಕ್ಷರಕ್ಕೆ ಅಕ್ಷರ ಕೂಡಿಸಿ ಬರೆಯೋ ಲಿಪಿ.

ತಡೀರಿ, ‘ರ‍್ಯಾಂಕ್’ ಅನ್ನೋ ಪದದ ವಿಷಯ ಬಿಟ್ಟೆ. ನನಗೆ ತುಂಬ ಇಷ್ಟವಾದದ್ದೇ ಅದು. ‘ಸೂರ್ಯ’ ಬರೆದ್ರೆ ರಕಾರ ಅರ್ಕಾವತ್ತಾಗಿ ಯಕಾರದ ಬಲಕ್ಕೆ ಹೋಗುತ್ತೆ. ‘ರ‍್ಯಾಂಕ್’ನಲ್ಲಿ ಹಾಗಾಗಬಾರದು; ‘ರ’ ಪೂರ್ತಿ ನಿಂತು ‘ಯ’ ಒತ್ತಾಗಬೇಕು. ಅದಕ್ಕೆ ಕಣ್ಣಿಗೆ ಕಾಣದ ಒಂದು ಜೋಡಕ ಇದೆ, ಝೆಡ್‌ಡಬ್ಲ್ಯೂಜೆ. ಯೂನಿಕೋಡ್ ಪ್ರಕಾರ ಅದು ‘ರ’ ಆದ ಮೇಲೆ, ಹಲಂತಕ್ಕಿಂತ ಮುಂಚೆ ಬರಬೇಕು. ಹಳೇ ಕಡತಗಳಲ್ಲಿ ಹಲಂತ ಆದ ಮೇಲೆ ಹಾಕಿದ್ದಾರೆ. ಹಾರ್ಫ್‌ಬಝ್ ಕೋಡಿನಲ್ಲಿ ಕನ್ನಡದ ಹೆಸರು ಹೇಳಿಯೇ ಒಂದು ನಿಯಮ ಬರೆದಿದ್ದಾರೆ: ಹಳೇ ಕ್ರಮದಲ್ಲಿದ್ರೂ ಹೊಸ ಕ್ರಮದಂತೆಯೇ ನೋಡು ಅಂತ. ಯಾರೋ ಕನ್ನಡಿಗರು ಹಿಂದೆ ಟೈಪ್ ಮಾಡಿಟ್ಟ ಪುಟ ಹಾಳಾಗದಿರಲಿ ಅಂತ ಮಾಡಿದ ಕೆಲಸ ಇದು. ಇಂಥ ಕೆಲಸಕ್ಕೆ ನಾವು ಕೊಡೋ ಗೌರವ ಸಾಲದು.

ಸಂಡೂರು, ಹಂಪಿ, ಹೊಸಪೇಟೆ ಈ ಹೆಸರುಗಳಲ್ಲಿ ಒತ್ತಿಲ್ಲ, ಬದುಕಿಕೊಳ್ತಾವೆ. ಪರೀಕ್ಷೆ ಮಾಡೋದಿದ್ರೆ ‘ಕಂಪ್ಲಿ’, ‘ರ‍್ಯಾಂಕ್’ ಎರಡನ್ನೂ ಟೈಪ್ ಮಾಡಿ. ಒಡೆದ್ರೆ ಸಾಫ್ಟ್‌ವೇರ್ ಹೆಸರು, ಆವೃತ್ತಿ, ಆಪರೇಟಿಂಗ್ ಸಿಸ್ಟಂ ಬರೆದು ತಯಾರಕರಿಗೆ ಕಳಿಸಿ. ಸ್ಕ್ರೀನ್‌ಶಾಟ್ ಒಂದೇ ಸಾಲದು, ಟೈಪ್ ಮಾಡಿದ ಪದವನ್ನೂ ಜೊತೆಗಿಡಿ. ಒಳಗಿನ ಸಂಕೇತ ಚಿತ್ರದಲ್ಲಿ ಕಾಣೋದಿಲ್ಲ.