ಎಲುಬಿಗೂ ಕೆಲಸ ಬೇಕು



ನಾವು ದುಡಿಯುವ ಹೆಣ್ಣುಮಕ್ಕಳು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತೇವೆ. ಹಾವೇರಿಯಲ್ಲಿ ಏಲಕ್ಕಿ ಹಾರ ಕಟ್ಟುತ್ತೇವೆ. ರಾಣೆಬೆನ್ನೂರಿನ ಬೀಜದ ಹೊಲಗಳಲ್ಲಿ ಕ್ರಾಸಿಂಗ್ ಕೆಲಸ ಮಾಡುತ್ತೇವೆ. "ಇಷ್ಟು ದುಡೀತೀವಿ, ಮತ್ಯಾಕ ವ್ಯಾಯಾಮ?" ಅಂತ ಬಹಳ ಮಂದಿ ಕೇಳ್ತಾರೆ.

ಖರೆ, ಕೈ ದುಡೀತಾವೆ. ಆದರೆ ತೊಟ್ಟು ಬಿಡಿಸುವಾಗ ಟೊಂಕ, ಕಾಲು ಕುಂತೇ ಇರ್ತಾವೆ. ಕ್ರಾಸಿಂಗ್ ಮಾಡುವಾಗ ನಿಂತಿರ್ತೀವಿ, ಎತ್ತುವುದು ಹೂವಿನ ಭಾರ. ನಲ್ಲಿ ಬಂತು, ಗಿರಣಿ ಬಂತು. ಒಳ್ಳೇದಾತು. ಆದರೆ ಸೇದುವ, ಬೀಸುವ, ಹೊರುವ ಕೆಲಸ ಕಡಿಮೆಯಾಯಿತು.

ಎಲುಬು ಕಲ್ಲಲ್ಲ, ಅದಕ್ಕೂ ಜೀವ ಇದೆ. ಹಳೆಯದು ಸವೆಯುತ್ತದೆ, ಹೊಸದು ಕಟ್ಟುತ್ತದೆ. ಭಾರ ಬಿದ್ದರೆ ಚೆನ್ನಾಗಿ ಕಟ್ಟುತ್ತದೆ. ಮುಟ್ಟು ನಿಂತ ಮೇಲೆ ಸವೆಯುವುದೇ ಹೆಚ್ಚು. ಆಗ ಬಚ್ಚಲಲ್ಲಿ ಜಾರಿದರೂ ಟೊಂಕ ಮುರಿಯಬಹುದು. ಹಾಸಿಗೆ ಹಿಡಿದರೆ ಮನಿ ನೋಡೋರು ಯಾರು?

"ಮೈ ತುಂಬಿದವರ ಎಲುಬು ಗಟ್ಟಿ" ಅಂತಾರೆ. ಇದು ಅರ್ಧ ಮಾತು. ತೂಕ ಇದ್ದರೆ ಎಲುಬಿಗೆ ಭಾರ ಬೀಳುತ್ತದೆ, ನಿಜ. ಆದರೆ ಹೊಟ್ಟೆಯ ಬೊಜ್ಜು ಹೆಚ್ಚಾದರೆ ಎಲುಬಿನ ಗುಣ ಕೆಡಬಹುದು. ಮೊಣಕಾಲೂ ನೋಯುತ್ತದೆ.

ಹಾಗಾದರೆ ಉಪವಾಸ ಮಾಡಿ ತೂಕ ಇಳಿಸೋಣವೇ? ಬ್ಯಾಡ್ರಿ. ಬರೇ ಊಟ ಬಿಟ್ಟರೆ ಬೊಜ್ಜಿನ ಜೊತೆ ಎಲುಬಿನ ಸತ್ವವೂ ಕರಗುತ್ತದೆ.

2017ರಲ್ಲಿ ಅಮೆರಿಕದ ವೈದ್ಯರು ಒಂದು ಪರೀಕ್ಷೆಯ ಫಲ ಪ್ರಕಟಿಸಿದರು. ಅದರಲ್ಲಿ ಬೊಜ್ಜು ಇದ್ದ 160 ಮಂದಿ ಹಿರಿಯರಿದ್ದರು. ಊಟ ಹಿಡಿತದಲ್ಲಿಟ್ಟು ಒಂದು ಗುಂಪು ನಡಿಗೆಯಂಥ ವ್ಯಾಯಾಮ ಮಾಡಿತು. ಒಂದು ಗುಂಪು ಭಾರ ಎತ್ತಿತು. ಒಂದು ಗುಂಪು ಎರಡನ್ನೂ ಮಾಡಿತು. 6 ತಿಂಗಳಲ್ಲಿ ಮೂರೂ ಗುಂಪಿನ ತೂಕ ಹೆಚ್ಚುಕಡಿಮೆ ಒಂದೇ ಸಮ ಇಳಿಯಿತು. ಎಲುಬು ಮಾತ್ರ ಒಂದೇ ಸಮ ಉಳಿಯಲಿಲ್ಲ. ಮೊದಲ ಗುಂಪಿನವರ ಟೊಂಕದ ಎಲುಬಿನ ಸತ್ವ ನೂರಕ್ಕೆ 3 ಪಾಲು ಇಳಿಯಿತು. ಭಾರ ಎತ್ತಿದವರದು ಅರ್ಧ ಪಾಲು. ಎರಡೂ ಮಾಡಿದವರದು 1 ಪಾಲು. ಏಳುವ, ನಡೆಯುವ ಶಕ್ತಿ ಎರಡೂ ಮಾಡಿದವರಲ್ಲೇ ಹೆಚ್ಚು ಬೆಳೆಯಿತು.

ಅಂದರೆ ನಡೆಯಲೂಬೇಕು, ಭಾರ ಎತ್ತಲೂಬೇಕು.

ಎಷ್ಟು ಜೋರಾಗಿ ನಡೆಯಬೇಕು? ನಡೆಯುತ್ತ ಹಾಡಲು ಬಂದರೆ ನಡಿಗೆ ನಿಧಾನವಾಯಿತು. ಮಾತಾಡಲು ಬಂದು, ಹಾಡಲು ಬಾರದಿದ್ದರೆ ಅದು ಸರಿಯಾದ ವೇಗ. ಎರಡು ಮಾತಿಗೇ ಏದುಸಿರು ಬಂದರೆ ಹೆಚ್ಚಾಯಿತು. ಶುರುವಿಗೆ ಅಷ್ಟು ಬೇಡ. ದಿನಕ್ಕೆ ಅರ್ಧ ತಾಸು, ವಾರಕ್ಕೆ 5 ದಿನ ನಡೆಯೋಣ.

ವಾರಕ್ಕೆ 2 ದಿನ ಭಾರದ ಕೆಲಸ. ಕೈಯೂರದೆ ಕುರ್ಚಿಯಿಂದ 10 ಸಲ ಏಳಿರಿ, ಕೂಡಿರಿ. ಗೋಡೆಗೆ ಕೈಯೂರಿ 10 ಸಲ ತಳ್ಳಿರಿ. ನೀರು ತುಂಬಿದ ಬಾಟಲಿ ಹಿಡಿದು 10 ಸಲ ಎತ್ತಿರಿ. ಹಗುರ ಅನಿಸಿದರೆ ಸ್ವಲ್ಪ ಭಾರ ಹೆಚ್ಚಿಸಿರಿ. ಎಲುಬು ಹಗುರ ಭಾರಕ್ಕೆ ಎಚ್ಚರಾಗುವುದಿಲ್ಲ.

ಬಿಪಿ, ಎದೆನೋವು ಇದ್ದವರು, ಹಿಂದೆ ಎಲುಬು ಮುರಿದವರು ಮೊದಲು ಡಾಕ್ಟರನ್ನು ಕೇಳಬೇಕು. ನೋವು ಬಂದರೆ ನಿಲ್ಲಿಸಬೇಕು. ಊಟದಲ್ಲಿ ರಾಗಿ, ಎಳ್ಳು, ಬೇಳೆ, ಮಜ್ಜಿಗೆ ಇರಲಿ.

ಒಬ್ಬರೇ ಹೊರಟರೆ ಬೇಸರ ಬರಬಹುದು. ಓಣಿಯ ನಾಲ್ಕು ಮಂದಿ ಕೂಡಿ ಹೋಗೋಣ. ವೇಗ ಸರಿ ಐತೋ ಇಲ್ಲೋ ಮಾತಾಡುತ್ತಲೇ ಗೊತ್ತಾಗುತ್ತದೆ. ನಾಳೆಯಿಂದಲೇ ಶುರು ಮಾಡೋಣ, ಬರ್ರಿ.